ನನ್ನ ಬಲಗಾಲಿನ ಮೇಲಿನ ಅಪವಾದ

ಪಾರ್ಶ್ವವಾಯು ಬಡಿದ ಮೇಲೆ ನನ್ನ ಗಂಡ ಎಲ್ಡನ್‌ಗೆ ಬಲಗಡೆಯ ನೋಟ ಹೋಯಿತು. ಉಳಿದಂತೆ ನಡೆಯುತ್ತಾನೆ, ಉಣ್ಣುತ್ತಾನೆ, ನನ್ನ ಮೇಲೆ ರೇಗುತ್ತಾನೆ, ಏನೂ ಕಮ್ಮಿಯಿಲ್ಲ. ಆದರೆ ಇನ್ನು ಕಾರು ಓಡಿಸುವಂತಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಮದುವೆಗೆ ಮುಂಚೆ ಮಾಡಿಸಿದ ಲೈಸೆನ್ಸನ್ನು ನಾನು ನವೀಕರಿಸುತ್ತಲೇ ಬಂದಿದ್ದೆ. ಆದರೆ ಈ ಗಂಡಸು ಒಂದು ದಿನವೂ ನನ್ನ ಕೈಗೆ ಕೀ ಕೊಟ್ಟಿರಲಿಲ್ಲ.

ಅವನು ಆಸ್ಪತ್ರೆಯಲ್ಲಿ ಮಲಗಿದ್ದಷ್ಟು ದಿನ ಕಾರು ಅಂಗಳದ ಹಿಮದಲ್ಲೇ ನಿಂತಿತ್ತು, ಬ್ಯಾಟರಿ ಪೂರಾ ಸತ್ತುಹೋಗಿತ್ತು. ಗ್ಯಾರೇಜಿನ ಕ್ಲೇಟನ್ ಬಂದು ಹೊಸ ಬ್ಯಾಟರಿ ಕೂರಿಸಿದ. ಅದೇ ಮಧ್ಯಾಹ್ನ ನಾನು ಸೇಂಟ್ ಜಾನ್ ನಗರದ ಆಸ್ಪತ್ರೆಗೆ ಕಾರು ಓಡಿಸಿಕೊಂಡು ಹೋಗಿ ಗಂಡನನ್ನು ಮನೆಗೆ ಕರೆತಂದೆ. ಇಳಿದ ಕೂಡಲೇ ಅವನು ಅಂಗೈ ಚಾಚಿದ. ಕೀ ಅವನ ಸೊಂಟದ ಕೀಗೊಂಚಲಿಗೆ ವಾಪಸು ಹೋಯಿತು. ಆಮೇಲೂ ಹಾಗೇ. ಓಡಿಸುವವಳು ನಾನು, ಕೀ ಮಾತ್ರ ಅವನದು.

ಆದರೂ ನನಗೆ ಆ ಕಾರು ಎಂದರೆ ಪ್ರಾಣವಾಯಿತು. ಪ್ರತಿ ಗುರುವಾರ ಒಬ್ಬಳೇ ಸೇತುವೆ ದಾಟಿ ಅಕ್ಕ ಥೀಡಾಳ ಮನೆಗೆ ಹೋಗಿಬರುತ್ತಿದ್ದೆ. ನಮ್ಮದು ನದಿಯ ಈಚೆ, ಕೆನಡಾ. ಅವಳದು ಆಚೆ, ಅಮೆರಿಕ. ಅಲ್ಲಿ ಇಬ್ಬರೂ ಅಮ್ಮನ ಸಾಸಿವೆ ಉಪ್ಪಿನಕಾಯಿ ಹಾಕುತ್ತಿದ್ದೆವು. ಅದೊಂದು ನಾನಿಲ್ಲದೆ ಥೀಡಾ ಹಾಕಿದರೆ ಯಾವಾಗಲೂ ಕೆಡುತ್ತದೆ. ಅಲ್ಲಿ ಕಾಫಿ ಕುಡಿದು ಊರವರನ್ನೆಲ್ಲ ಆಡಿಕೊಂಡು, ಹಿಂದೆ ಬರುವಾಗ ರೇಡಿಯೋ ಜೋರಾಗಿ ಇಟ್ಟುಕೊಂಡು ಹಾಡುತ್ತಿದ್ದೆ. ಇಷ್ಟು ವಯಸ್ಸಿಗೆ ಸಿಕ್ಕ ಸುಖ ಅದು. ಅದಕ್ಕೇ ಕಲ್ಲು ಬಿತ್ತು.

ಎಲ್ಡನ್ ಪಕ್ಕದ ಸೀಟಿನಲ್ಲಿ ಕೂತರೆ ಬಲಗಡೆಯ ಹೊಳೆ, ಮರ ಯಾವುದೂ ಕಾಣುವುದಿಲ್ಲ. ಎಡಗಡೆಯದು ಚೆನ್ನಾಗಿ ಕಾಣುತ್ತದೆ. ಎಡಗಡೆ ಇರುವುದು ನಾನು, ಮತ್ತು ನನ್ನ ಮುಂದೆ ಹೊಳೆಯುವ ಮೈಲೇಜಿನ ಅಂಕಿ. ಪೆಟ್ರೋಲು ಲೀಟರಿಗೆ ಬಂದು ಎಷ್ಟು ಕಾಲವಾದರೇನು, ನಮ್ಮ ಕಡೆ ಅವನ ವಯಸ್ಸಿನ ಗಂಡಸರು ಗ್ಯಾಲನ್ ಎಂಬ ಹಳೆಯ ಅಳತೆ ಬಿಟ್ಟಿಲ್ಲ. ಥೀಡಾಳ ಗಂಡ ಮರ್ಲ್ ಬದುಕಿದ್ದಾಗ ನಮಗೆ ಮಾರಿದ ಕಾರು ಇದು. ಅಂದಿನಿಂದ ಗ್ಯಾಲನ್ನಿಗೆ ಮೂವತ್ತಾರು ಮೈಲಿ ಕೊಡುತ್ತದೆ ಎಂದು ಎಲ್ಡನ್ ಕಾಫಿ ಅಂಗಡಿಯಲ್ಲಿ ಕೊಚ್ಚಿಕೊಳ್ಳುತ್ತಿದ್ದ.

"ಇದೇನೇ, ಮೂವತ್ತು ತೋರಿಸ್ತಾ ಇದೆ?" ಎಂದ ಒಂದು ದಿನ.

"ಚಳಿ ಅಲ್ವಾ" ಎಂದೆ.

ಚಳಿ ಹೋಯಿತು, ಹಿಮ ಕರಗಿತು, ಅಂಕಿ ಮೇಲೇಳಲಿಲ್ಲ. ಎಲ್ಡನ್ ಪತ್ತೇದಾರಿಕೆಗೆ ಇಳಿದ. ನನ್ನ ಕೈಯಲ್ಲಿ ಟೈರಿಗೆಲ್ಲ ಗಾಳಿ ಹಾಕಿಸಿದ. ಹಿಮದಲ್ಲಿ ಚಕ್ರ ಜಾರದಿರಲೆಂದು ಡಿಕ್ಕಿಯಲ್ಲಿಟ್ಟಿದ್ದ ಮರಳು ಮೂಟೆ ಹೊರಗೆ ಹಾಕಿಸಿದ. ದೋಣಿ ಕಟ್ಟಲು ಕಾರಿನ ನೆತ್ತಿಯ ಮೇಲಿದ್ದ ಕಂಬಿಗಳನ್ನು ಬಿಚ್ಚಿಸಿದ. ಬ್ರೇಕ್ ಹಿಡಿದುಕೊಂಡಿದೆಯೇನೋ ಎಂದು ಮನೆಗೆ ಬಂದಾಗಲೆಲ್ಲ ಚಕ್ರಗಳನ್ನು ಮುಟ್ಟಿ ಬಿಸಿ ನೋಡುತ್ತಿದ್ದ, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ. ನನ್ನ ಹಣೆಯನ್ನು ಅವನು ಹಾಗೆ ಮುಟ್ಟಿದ್ದು ನೆನಪಿಲ್ಲ.

ಕೊನೆಗೆ ಕ್ಲೇಟನ್ ಕಾರನ್ನು ಮೇಲೆತ್ತಿ ಎಲ್ಲ ನೋಡಿದ. ಏರ್ ಫಿಲ್ಟರ್, ಪ್ಲಗ್, ಥರ್ಮೋಸ್ಟಾಟ್ ಯಾವುದರಲ್ಲೂ ದೋಷ ಸಿಗಲಿಲ್ಲ.

"ಕಾರಿಗೆ ಏನೂ ಆಗಿಲ್ಲ, ಎಲ್ಡನ್ ಅಣ್ಣ."

"ಹಾಗಾದ್ರೆ ಉಳಿದಿದ್ದು ಒಂದೇ" ಎಂದ ಎಲ್ಡನ್, ನನ್ನ ಬಲಗಾಲನ್ನೇ ನೋಡುತ್ತ.

ಕ್ಲೇಟನ್ ಪಾಪ, ಕೈ ಒರೆಸಿಕೊಳ್ಳುವ ನೆಪದಲ್ಲಿ ಒಳಗೆ ಹೋದ.

ಅವತ್ತಿನಿಂದ ನನ್ನ ಕಾಲಿಗೆ ಶನಿ ಹಿಡಿಯಿತು. "ಮೆಲ್ಲಗೆ ಒತ್ತೇ." "ಇಳಿಜಾರಲ್ಲಿ ಯಾಕೆ ಒತ್ತುತೀಯಾ?" "ಅದು ಪೆಡಲ್ಲು ಮಾರಾಯ್ತಿ, ಹೊಲಿಗೆ ಮಿಷನ್ನಲ್ಲ." ಪಾದದಡಿ ಮೊಟ್ಟೆ ಇದೆ ಎಂಬಂತೆ ಒತ್ತತೊಡಗಿದೆ. ಹಿಂದೆ ಬಂದವರೆಲ್ಲ ಹಾರ್ನ್ ಬಾರಿಸಿ ಮುಂದೆ ಹೋಗುತ್ತಿದ್ದರು. ಅಷ್ಟು ಮಾಡಿದರೂ ಅಂಕಿ ಮೂವತ್ತೊಂದಕ್ಕೆ ಹತ್ತಿ ಅಲ್ಲೇ ಕೂತಿತು. ನನಗೇ ನನ್ನ ಮೇಲೆ ಸಂಶಯ ಬಂತು. ನನಗೆ ಓಡಿಸಲು ಬರುವುದಿಲ್ಲವೇನೋ, ಇವನು ಇಷ್ಟು ವರ್ಷ ಕೀ ಕೊಡದೆ ಇದ್ದದ್ದೇ ಸರಿಯೇನೋ ಅನಿಸಿತು. ಎರಡು ಗುರುವಾರ ಅಕ್ಕನ ಮನೆಗೆ ಹೋಗಲಿಲ್ಲ.

"ಯಾಕೇ ಬರ್ಲಿಲ್ಲ? ಗಂಡ ಸರಪಣಿ ಹಾಕಿದ್ದಾನಾ?" ಎಂದಳು ಥೀಡಾ ಫೋನಿನಲ್ಲಿ.

"ಸೊಂಟ ನೋವು ಅಕ್ಕ" ಎಂದೆ. ಸೊಂಟಕ್ಕೆ ಏನೂ ಆಗಿರಲಿಲ್ಲ, ಕಲ್ಲುಗುಂಡಿನಂತಿತ್ತು.

ಮುಂದಿನ ಸಲ ಆಸ್ಪತ್ರೆಗೆ ಹೋಗುವ ಹಿಂದಿನ ದಿನ, ಮೀನು ಹುರಿಯುತ್ತ ಹೇಳಿಯೇಬಿಟ್ಟೆ. "ನಾಳೆ ಹೋಗಿಬರೋದೇ ಕೊನೆ, ಎಲ್ಡನ್. ಆಮೇಲೆ ಕಾರು ಮಾರಿಬಿಡು. ವಯಸ್ಸಾದವರಿಗೆ ಅಂತ ವ್ಯಾನು ಬಿಡ್ತಾರಲ್ಲ, ಅದರಲ್ಲಿ ಹೋಗು. ಡ್ರೈವರಿನ ಕಾಲು ನೋಡ್ಕೊಂಡು ಕೂತಿರು."

ಅವನು ತಟ್ಟೆಯಿಂದ ತಲೆಯೆತ್ತಿದ. "ಮತ್ತೆ ಥೀಡಾ ಮನೆ?"

"ಅವಳೇ ಬರ್ತಾಳೆ ಬಿಡು."

ಬರಲಾರಳು ಎಂದು ಇಬ್ಬರಿಗೂ ಗೊತ್ತಿತ್ತು. ಅವಳ ಮಂಡಿ ಹಾಳಾಗಿ ವರ್ಷಗಳಾಗಿವೆ.

ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಅವನೆಂದ, "ಹಂಗಾದ್ರೆ ನಾಳೆ ಹಳೇ ಕಾಲದ ಥರ ಅಳೆದುಬಿಡೋಣ. ಟ್ಯಾಂಕನ್ನ ಕತ್ತಿನ ತನಕ ತುಂಬಿಸೋದು, ಹೋಗಿಬಂದು ಮತ್ತೆ ಕತ್ತಿನ ತನಕ ತುಂಬಿಸೋದು. ಎಷ್ಟು ಹಿಡಿಯುತ್ತೋ ಅಷ್ಟು ಕುಡಿದಿದೆ ಅಂತ."

ನನ್ನ ತಪ್ಪನ್ನು ಸಾಕ್ಷಿಸಮೇತ ಸಾಬೀತು ಮಾಡಲು ಹೊರಟಿದ್ದಾನೆ ಅಂದುಕೊಂಡೆ. ಮೈಯೆಲ್ಲ ಉರಿದುಹೋಯಿತು. ಮೀನನ್ನು ಬೇಕೆಂದೇ ಸ್ವಲ್ಪ ಸೀಯಿಸಿದೆ.

ಮರುದಿನ ಹಾಗೇ ಮಾಡಿದೆವು. ನಾನು ಕೊನೆಯ ದಿನ ತಾನೇ ಎಂದು ಮೊಟ್ಟೆ ಗಿಟ್ಟೆ ಮರೆತು ನನ್ನಿಷ್ಟದಂತೆ ಓಡಿಸಿದೆ. ಊರಿಗೆ ಬಂದು ಅದೇ ಬಂಕಿನಲ್ಲಿ ತುಂಬಿಸಿದೆವು. ಎಲ್ಡನ್ ರಸೀದಿಯ ಹಿಂಬದಿಯಲ್ಲಿ ಲೀಟರನ್ನು ಗ್ಯಾಲನ್ ಮಾಡಿ ಲೆಕ್ಕ ಹಾಕಿದ. ಹೊಡೆದುಹಾಕಿ ಮತ್ತೆ ಹಾಕಿದ. ಕಾರಿನ ಅಂಕಿಯನ್ನು ನೋಡಿದ.

"ಎಷ್ಟು ಬಂತು?" ಎಂದೆ.

"ಬಂಕಿಂದು ಸರಿ ಇಲ್ಲ ಅನ್ಸುತ್ತೆ" ಎಂದು ಗೊಣಗಿ ರಸೀದಿಯನ್ನು ಜೇಬಿಗಿಟ್ಟ. ಮತ್ತೆ ಕೇಳಿ ನಾನೇಕೆ ಸಣ್ಣವಳಾಗಲಿ ಎಂದು ಕಾರನ್ನು ಮನೆಯತ್ತ ತಿರುಗಿಸಿದೆ.

ಬೆಳಿಗ್ಗೆ ನಾನು ವ್ಯಾನಿನವರಿಗೆ ಫೋನು ಮಾಡಲು ನಂಬರು ಹುಡುಕುತ್ತಿದ್ದಾಗ ಅಂಗಳದಲ್ಲಿ ಹಾರ್ನ್ ಕೇಳಿಸಿತು. ಬಿಡದೆ ಕೇಳಿಸಿತು. ಏನಾಯಿತೋ ಎಂದು ಚಪ್ಪಲಿಯೂ ಇಲ್ಲದೆ ಓಡಿದೆ. ಎಲ್ಡನ್ ಪಕ್ಕದ ಸೀಟಿನಲ್ಲಿ ಕಾರಿನ ಕೈಪಿಡಿಯನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದ. ಕೀ ಹಾಕಿತ್ತು.

"ಕೂತ್ಕೋ" ಎಂದ. "ನಿಮ್ಮಮ್ಮನ ಉಪ್ಪಿನಕಾಯಿ ಥೀಡಾ ಕೈಯಲ್ಲಿ ಯಾಕೆ ಕೆಡುತ್ತೆ?"

"ಹಾರ್ನ್ ಬಾರಿಸಿದ್ದು ಇದಕ್ಕಾ?"

"ಹೇಳೇ."

"ವಿನೆಗರ್ ಕಮ್ಮಿ ಬೀಳುತ್ತೆ. ಅಮ್ಮ ನಮ್ಮ ಗ್ಯಾಲನ್ನಿನ ಲೆಕ್ಕ ಹೇಳಿಕೊಟ್ಟಿದ್ದು. ಆಚೆಯವರ ಗ್ಯಾಲನ್ ಚಿಕ್ಕದು. ಅವಳು ಅಲ್ಲಿಯ ಕ್ಯಾನಿನಲ್ಲಿ…"

ತಟ್ಟನೆ ಹೊಳೆಯಿತು. ಕಾರೂ ಆಚೆಯದೇ.

"ಮರ್ಲ್ ಇದಕ್ಕೆ ನಮ್ಮ ಗ್ಯಾಲನ್ನಿನ ಅಳತೆ ಕಲಿಸಿ ಕೊಟ್ಟಿದ್ದ, ನಂಗೆ ಗೊತ್ತೇ ಇರ್ಲಿಲ್ಲ" ಎಂದ ಎಲ್ಡನ್. "ಹಳೇ ಬ್ಯಾಟರಿ ತೆಗೆದಾಗ ಅದು ಮರೆತು ತನ್ನೂರಿನ ಅಳತೆಗೆ ಹೋಗಿಬಿಟ್ಟಿದೆ. ಕಾರು ಒಂದು ಹನಿಯೂ ಜಾಸ್ತಿ ಕುಡಿದಿಲ್ಲ. ನೋಡು."

ಗುಂಡಿ ಒತ್ತಿದ. ಮೂವತ್ತೊಂದು ಹೋಗಿ ಮೂವತ್ತೇಳು ಬಂತು.

ನಾನು ಆ ಅಂಕಿಯನ್ನೇ ನೋಡುತ್ತ ಕೂತೆ. ಸಿಟ್ಟು, ನಗು, ಅಳು ಒಟ್ಟಿಗೇ ನುಗ್ಗಿ, ಗೆದ್ದದ್ದು ಅಳು. ಅವನು ಬಾಯಿ ಮುಚ್ಚಿಕೊಂಡಿದ್ದರೆ ನನಗೆ ಸಾಯುವ ತನಕ ಗೊತ್ತಾಗುತ್ತಿರಲಿಲ್ಲ.

"ನಂದು ಯಾವತ್ತೂ ಮೂವತ್ತಾರು ದಾಟಿಲ್ಲ, ಡೋರೀ" ಎಂದ ಅವನು, ಕೈಪಿಡಿ ಮಡಚುತ್ತ.

"ಕಾಫಿ ಅಂಗಡೀಲಿ ಹೇಳ್ತೀಯಾ ಇದನ್ನ?"

"ಅಷ್ಟು ಆಸೆ ಪಡಬೇಡ." ಕೈಪಿಡಿಯನ್ನು ಮುಂದಿನ ಖಾನೆಗೆ ತುರುಕಿ, "ಇವತ್ತು ಗುರುವಾರ ಅಲ್ವಾ? ಥೀಡಾಗೆ ನಮ್ಮ ಕಡೆಯ ಅಳತೆ ಪಾತ್ರೆ ಒಂದು ತಗೊಂಡು ಹೋಗು" ಎಂದ.

ಬಾಗಿಲು ಹಿಡಿದುಕೊಂಡು ನಿಧಾನವಾಗಿ ಇಳಿದ. ಅಭ್ಯಾಸಬಲದಿಂದ ನನ್ನ ಕೈ ಕೀ ತೆಗೆದು ಅವನತ್ತ ಚಾಚಿತು. ಅವನು ಅದನ್ನು ನೋಡಿದ. ಸೊಂಟದ ಗೊಂಚಲನ್ನು ಒಮ್ಮೆ ಮುಟ್ಟಿಕೊಂಡ. ತೆಗೆದುಕೊಳ್ಳದೆ ಮನೆಯೊಳಗೆ ಹೋದ.