ತುಟಿ ಮುಚ್ಚಿದ ಮೇಲೆ

"ಈ ಮಹಾನುಭಾವ ಉಸಿರು ತಗೊಳ್ಳೋದಾದ್ರೂ ಎಲ್ಲಿ?"

ಕತ್ತಲ ಕೋಣೆಯಲ್ಲಿ, ಪರದೆಯ ಮುಂದೆ ನಿಂತು ಆನ್ಸೆಲ್ಮ್ ಗೋದ್ರಿ ಕೇಳಿದ್ದು ಯಾರನ್ನೂ ಅಲ್ಲ. ಪರದೆಯ ಮೇಲೆ ಹಾರ್ಲನ್ ಪೈಕ್ ಆಸ್ಪತ್ರೆಯ ಹಾಸಿಗೆಯಲ್ಲಿ ಮಗಳ ಕೈ ಹಿಡಿದು ಸದ್ದಿಲ್ಲದೆ ತುಟಿ ಆಡಿಸುತ್ತಿದ್ದ. ಆ ಅಮೆರಿಕದ ನಟ ತನ್ನ ಭಾಷೆಯಲ್ಲಿ ಏನೇ ಆಡಲಿ, ಫ್ರಾನ್ಸಿನ ಜನ ಮೂವತ್ತು ವರ್ಷ ಕೇಳಿದ್ದು ಆನ್ಸೆಲ್ಮನ ಗಂಟಲನ್ನು. ಇಬ್ಬರೂ ಒಮ್ಮೆಯೂ ಭೇಟಿಯಾದವರಲ್ಲ. ಕಳೆದ ಚಳಿಗಾಲದಲ್ಲಿ ಪೈಕ್ ತೀರಿಕೊಂಡಿದ್ದ. ಇದು ಅವನ ಕಡೆಯ ಚಿತ್ರ.

ಕೋಣೆಯ ಗಾಜಿನ ಈಚೆ ಡಬ್ಬಿಂಗ್ ನಿರ್ದೇಶಕಿ ಸೊಲಾಂಜ್ ಕೂತಿದ್ದಳು. ಈಚೆಗಾದ ಆಪರೇಷನ್ನಿನಲ್ಲಿ ಆನ್ಸೆಲ್ಮನ ಒಂದು ಶ್ವಾಸಕೋಶದ ಅರ್ಧ ಹೋಗಿತ್ತು. ಚಿತ್ರದ ಹಂಚಿಕೆದಾರರ ಕಡೆಯ ರೆಮಿ ಬೆಳಿಗ್ಗೆಯೇ ಹೇಳಿಬಿಟ್ಟಿದ್ದ: "ಈ ಸೀನು ಅವರ ಕೈಲಾಗದಿದ್ರೆ ಇಡೀ ಪಾತ್ರ ಬೇರೆಯವರಿಗೆ, ಮೇಡಂ. ಬೇರೆ ದನಿ ನೋಡಿಟ್ಟಿದೀವಿ."

ಅದೇ ರೆಮಿ ಈಗ ಅವಳ ಪಕ್ಕದಿಂದ ಮೈಕಿಗೆ ಬಾಗಿ, "ಒಳ್ಳೇದಾಗಲಿ, ಗೋದ್ರಿಯವರೇ!" ಎಂದ.

"ಥೂ, ಬಿಡ್ತು ಅನ್ನಪ್ಪಾ! ನಾಟಕದವರಿಗೆ ಯಾರಾದ್ರೂ ಒಳ್ಳೇದು ಬಯಸ್ತಾರಾ? ಅಪಶಕುನ! ಹಾಳಾಗ್ ಹೋಗು ಅನ್ನು."

"ಹಾ... ಹಾಳಾಗ್ ಹೋಗಿ."

"ಅದಕ್ಕೆ ಮರ್ಯಾದೆ ಬೇರೆ ಕೇಡು!"

ದೃಶ್ಯ ಮೊದಲಿನಿಂದ ಹೊರಟಿತು. ಅದರ ಕೆಳಗೆ ಮಾತಿನ ಸಾಲು ಹರಿಯತೊಡಗಿತು. ಅಕ್ಷರ ಪರದೆಯ ಮೇಲಿನ ಕೆಂಪು ಗೆರೆ ಮುಟ್ಟಿದ ಕ್ಷಣಕ್ಕೆ ಬಾಯಿಂದ ಹೊರಬೀಳಬೇಕು, ಅದು ಈ ಕಸುಬಿನ ಕಟ್ಟಳೆ. ಆನ್ಸೆಲ್ಮ್ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ. ಸೊಲಾಂಜ್ ಗಾಜಿನತ್ತ ಬಾಗಿದಳು. ಕನ್ನಡಕವಿಲ್ಲದೆ ಅವನಿಗೆ ಆ ಸಾಲು ಕಾಣುವುದೇ ಇಲ್ಲ. ಅವನು ಮುಂದಿನ ಕಂಬಿ ಹಿಡಿದು, ಹಳೆಯ ಪದ್ಯನಾಟಕಗಳಲ್ಲಿ ಮಾತ್ರೆ ಎಣಿಸುತ್ತಿದ್ದ ಹಾಗೆ ಬೆರಳು ಮಡಿಸುತ್ತ, ಪೈಕನ ಮುಖವನ್ನೇ ನೋಡುತ್ತ ಬಾಯಿಪಾಠದಿಂದಲೇ ಮಾತು ಶುರುಮಾಡಿದ.

ಸಣ್ಣ ಊರುಗಳ ರಂಗದ ಮೇಲೆ, ಅರ್ಧ ಖಾಲಿ ಕುರ್ಚಿಗಳೆದುರು ರಾಜರನ್ನು ಆಡಿದ ದನಿ ಅದು. ಭಾನುವಾರ ಸಂಜೆ ಟೀವಿಯ ಮುಂದೆ ಕೂತ ಪುಟ್ಟ ಸೊಲಾಂಜ್, ಈ ಅಮೆರಿಕದವನು ನಮ್ಮಪ್ಪನ ಹಾಗೇ ಫ್ರೆಂಚ್ ಮಾತಾಡುತ್ತಾನಲ್ಲ ಎಂದು ಬೆರಗಾಗಿದ್ದಳು. ಈಗ ಆ ದನಿಯಲ್ಲಿ ಬಿರುಕಿತ್ತು. ಆದರೂ ಒಂದೊಂದು ಮಾತೂ ತುಟಿಯ ಮೇಲೆ ಹೋಗಿ ಕೂರುತ್ತಿತ್ತು, ಹಕ್ಕಿ ತನ್ನದೇ ಕೊಂಬೆಗೆ ಬಂದಂತೆ.

"ಕಿಟಕಿ ತೆಗಿ ಮಗಳೇ. ಮಳೆ ನಿಂತಿರಬೇಕು."

ಅಕ್ಷರಗಳು ಮುಗಿದವು. ಪೈಕನ ತುಟಿ ಮುಚ್ಚಿತು. ಅದಾದ ಮೇಲೆ, ಮುಚ್ಚಿದ ತುಟಿಯನ್ನು ದಾಟಿ, ನೂಲಿನಷ್ಟು ಸಣ್ಣ ಉಸಿರೊಂದು ಸ್ಪೀಕರಿನಿಂದ ಬಂದು ನಿಂತುಹೋಯಿತು.

ಸೊಲಾಂಜ್ ತನಗೆ ಅರಿವಿಲ್ಲದೆಯೇ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ತಿರುಗಿ ನೋಡಿದರೆ, ಇಗರ್ಜಿಯಲ್ಲಿ ನಿಂತವನಂತೆ ರೆಮಿ ಎದ್ದು ನಿಂತಿದ್ದ.

ದೀಪ ಹತ್ತಿತು. ಆನ್ಸೆಲ್ಮ್ ಏದುಸಿರು ಬಿಡುತ್ತ ಕಂಬಿಗೆ ಆತುಕೊಂಡಿದ್ದ.

"ಕಡೇ ಉಸಿರು ತಡವಾಯ್ತು, ಸೊಲಾಂಜ್. ಬಾಯಿ ಮುಚ್ಚಿದ ಮೇಲೆ ಬಂತು. ಇನ್ನೊಂದ್ಸಲ ಹಾಕು."

ತಡವಾಗಿದ್ದು ನಿಜ. ಇಷ್ಟು ವರ್ಷಗಳಲ್ಲಿ ತಡವಾದ ಒಂದು ಚೂರನ್ನೂ ಅವಳು ಉಳಿಸಿಕೊಂಡವಳಲ್ಲ. ರೆಮಿ ಅವಳ ಮುಖವನ್ನೇ ನೋಡುತ್ತಿದ್ದ.

"ಹಾಕು ತಾಯಿ," ಮುದುಕ ಅಂಗಲಾಚಿದ. "ಎದೇಲಿ ಇನ್ನೊಂದಕ್ಕೆ ಆಗೋಷ್ಟಿದೆ. ಆ ಮನುಷ್ಯನ್ನ ತಪ್ಪುತಪ್ಪಾಗಿ ಕಳಿಸಿಕೊಡಬಾರದು."

ಸೊಲಾಂಜ್ ಮೈಕಿನ ಗುಂಡಿ ಒತ್ತಿದಳು.

"ಹಾಕಲ್ಲ," ಎಂದಳು. "ಆ ಉಸಿರು ಹಾಗೇ ಇರಲಿ."