ನಿಲ್ಲಿಸಿ ಅಂದವಳು

ಅಧ್ಯಕ್ಷರ ಕೈಗೆ ಮೈಕ್ ಸಿಕ್ಕಿತ್ತು. ಇನ್ನು ಕೇಳಬೇಕೆ! ಶಾಲೆಯ ಹಳೇ ವಿದ್ಯಾರ್ಥಿಗಳ ಸಂಘಕ್ಕೆ ಅವರೇ ಅಧ್ಯಕ್ಷರು, ಕಸುಬಿನಲ್ಲಿ ಬಿಲ್ಡರ್ರು. ಮಕ್ಕಳ ಬಾಯಲ್ಲಿ ಮಾತ್ರ ಮೈಕ್ ಮಾಮ.

ವಿಜ್ಞಾನದ ಟೀಚರ್ ಮೈದಾನದ ಅಂಚಲ್ಲಿ ನಿಂತಿದ್ದಳು. ಇಷ್ಟು ವರ್ಷ ಅವಳ ಬಾಹ್ಯಾಕಾಶ ಕ್ಲಬ್ಬಿಗೆ ಬಾಟಲಿ, ಪೈಪು, ಪಂಪು ಎಲ್ಲ ಕೊಡಿಸಿದ್ದು ಈ ಸಂಘವೇ. ಈಗ ಅಧ್ಯಕ್ಷರಿಗೆ ಬೇರೆ ಯೋಚನೆ ಬಂದಿತ್ತು. ಬಾಟಲಿ ರಾಕೆಟ್ಟಿನ ಆಟ ಸಾಕು, ಗೇಟಿನ ಹತ್ತಿರ ಒಂದು ದೊಡ್ಡ ಸಿಮೆಂಟ್ ರಾಕೆಟ್ ಕಟ್ಟಿಸಿ ಕೆಳಗೆ ಎಲ್ಲರ ಹೆಸರು ಕೆತ್ತಿಸೋಣ ಅಂತ! ಸಂಘದಲ್ಲಿ ಅರ್ಧ ಜನ ಆ ಕಡೆ, ಅರ್ಧ ಜನ ಈ ಕಡೆ. ಇವತ್ತು ಮಕ್ಕಳ ರಾಕೆಟ್ ಹಾರೋದು ನೋಡಿ, ಆಮೇಲೆ ಕೈ ಎತ್ತಿ ತೀರ್ಮಾನ ಮಾಡೋದು. ಹಾರದಿದ್ದರೆ ಕ್ಲಬ್ಬಿನ ಕಥೆ ಮುಗೀತು.

ಬಾಟಲಿಗೆ ನೀರು ತುಂಬಿ ಪಂಪಿನಿಂದ ಗಾಳಿ ಹೊಡೆದಾಗಿತ್ತು. ಹಗ್ಗ ಎಳೆದರೆ ಕೊಂಡಿ ಕಳಚಿಕೊಂಡು ರಾಕೆಟ್ ಮೇಲಕ್ಕೆ. ಎಂಟನೇ ಕ್ಲಾಸಿನ ಲಂಬು ಹಗ್ಗ ಹಿಡಿದು ಕೂತಿದ್ದಳು.

"ಐದು! ನಾಲ್ಕು!" ಮೈಕ್ ಮಾಮ ಕೂಗಿದರು. "ಮೂರು!"

"ನಿಲ್ಲಿಸಿ!"

ಕೂಗಿದ್ದು ಗುಬ್ಬಿ. ಕ್ಲಬ್ಬಿನಲ್ಲೇ ಚಿಕ್ಕವಳು.

ಟೀಚರ್ ಕ್ಲಬ್ಬಿನಲ್ಲಿ ಇಟ್ಟದ್ದು ಒಂದೇ ಕಟ್ಟುನಿಟ್ಟಿನ ನಿಯಮ. ಯಾರೇ ನಿಲ್ಲಿಸಿ ಅಂದರೂ ಎಣಿಕೆ ನಿಲ್ಲಬೇಕು. ಕಾರಣ ಹೇಳಲೇಬೇಕು ಅಂತಿಲ್ಲ, ಹೇಳಿದವರನ್ನು ಬೈಯುವ ಹಾಗಿಲ್ಲ. ಆ ರಾಕೆಟ್ ಅವತ್ತಿಗೆ ಹಾರೋದಿಲ್ಲ, ಅಷ್ಟೇ.

ಮೈಕ್ ಮಾಮನಿಗೆ ಇದೆಲ್ಲ ಎಲ್ಲಿ ಗೊತ್ತು? ಮಗು ಹೆದರಿತು ಅಂತ ನಕ್ಕು, "ಎರಡು!" ಅಂದರು. ಕುರ್ಚಿಯಲ್ಲಿದ್ದ ಸಂಘದವರೂ ದನಿಗೂಡಿಸಿದರು. "ಒಂದು! ಸೊನ್ನೆ!"

ಲಂಬು ಹಗ್ಗ ಕೆಳಗಿಟ್ಟು ಕೈಕಟ್ಟಿ ನಿಂತಳು.

"ಎಳೆಯಮ್ಮಾ!" ಮೈಕ್ ಗದರಿತು. ಅವಳು ಮಿಸುಕಲಿಲ್ಲ. ಅಧ್ಯಕ್ಷರ ಮುಖ ಕೆಂಪಾಯಿತು. "ಟೀಚರ್, ನೀವಾದ್ರೂ ಹೇಳ್ರೀ."

ಒಂದೇ ಒಂದು ಮಾತು. ಎಳಿ ಅಂದರೆ ಕ್ಲಬ್ ಉಳಿಯುತ್ತೆ. ಟೀಚರಿಗೆ ಆಸೆಯಾಗಲಿಲ್ಲ ಅಂದರೆ ಸುಳ್ಳಾಗುತ್ತೆ, ಆ ಮಾತು ನಾಲಿಗೆ ತುದಿಗೇ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು.

"ಇವತ್ತು ಆಗಲ್ಲ ಸರ್," ಅಂದಳು.

ಗಾಳಿ ಬಿಟ್ಟು, ಎಲ್ಲ ಬಿಚ್ಚಿ ನೋಡಿದರು. ಕೊಂಡಿ ಸರಿ, ಬಾಟಲಿ ಸರಿ, ಏನೆಂದರೆ ಏನೂ ಕೆಟ್ಟಿರಲಿಲ್ಲ. ಸಂಘದವರು ಗೊಣಗುತ್ತಾ ಸ್ಟಾಫ್ ರೂಮಿಗೆ ನಡೆದರು. ಮರ್ಯಾದೆ ಮೂರು ಕಾಸಿಗೆ ಹೋಯಿತು ಅಂತ ಯಾರೋ ಬೇಕಂತಲೇ ಕೇಳಿಸುವ ಹಾಗೆ ಅಂದರು.

ಗುಬ್ಬಿ ನಲ್ಲಿಯ ಹತ್ತಿರ ನಿಂತು ಬಿಕ್ಕುತ್ತಿದ್ದಳು. "ಬಾಟಲಿ ಶಬ್ದ ಬೇರೆ ಥರ ಇತ್ತು ಟೀಚರ್. ನನ್ನಿಂದ ಎಲ್ಲ ಹಾಳಾಯ್ತು."

"ಇಲ್ಲ ಕಣೇ, ಸರಿಯಾಗೇ ಮಾಡ್ದೆ. ಇನ್ನೊಂದ್ಸಲ ಅನುಮಾನ ಬಂದ್ರೆ ಹೇಳ್ತೀಯ ತಾನೆ?"

ಹುಡುಗಿ ಮೂಗು ಒರೆಸಿಕೊಂಡಳು. "ಇಲ್ಲ ಟೀಚರ್. ಇನ್ಮೇಲೆ ಯಾವತ್ತೂ ಹೇಳಲ್ಲ."

ಕ್ಲಬ್ ಹೋದರೂ ಟೀಚರ್ ತಡೆದುಕೊಳ್ಳುತ್ತಿದ್ದಳೇನೋ. ಈ ಮಾತು ಕೇಳಿ ಅವಳಿಗೆ ರೇಗಿಹೋಯಿತು. ಗುಬ್ಬಿಯ ಕೈ ಹಿಡಿದು ನೇರ ಸ್ಟಾಫ್ ರೂಮಿಗೆ ನುಗ್ಗಿದಳು. ಒಳಗೆ ಆಗಲೇ ಸಿಮೆಂಟ್ ರಾಕೆಟ್ಟಿಗೆ ಕೈಗಳು ಎದ್ದಿದ್ದವು, ಎಲ್ಲಕ್ಕಿಂತ ಮೇಲೆ ಅಧ್ಯಕ್ಷರದ್ದು.

"ಏನು ಬೇಕಾದ್ರೂ ಕಟ್ಟಿಸ್ಕೊಳ್ಳಿ ಸರ್," ಅಂದಳು. "ಬಾಟಲಿ ಹಾರಿಸೋದು ಯಾರು ಬೇಕಾದ್ರೂ ಕಲಿಸ್ತಾರೆ. ಇಷ್ಟು ಜನ ದೊಡ್ಡವರ ಎದುರು ನಿಲ್ಲಿಸಿ ಅನ್ನೋದು ಕಲಿಸೋಕೆ ನಂಗೆ ವರ್ಷಗಳೇ ಹಿಡಿದ್ವು. ಇವಳು ಇನ್ಮೇಲೆ ಬಾಯೇ ಬಿಡಲ್ವಂತೆ. ಇವತ್ತು ನೀವು ಕಲಿಸಿದ್ದು ಅದನ್ನೇ."

ಅಧ್ಯಕ್ಷರು ಹುಡುಗಿಯನ್ನು ನೋಡಿದರು. ಹುಡುಗಿ ನೆಲ ನೋಡಿದಳು.

"ನನ್ ಮೇಲೆ ಸಿಟ್ಟಿದೆಯಾ ಅಂಕಲ್?"

ಇಲ್ಲ ಪುಟ್ಟಾ ಅಂತ ಸುಲಭಕ್ಕೆ ಸವರಿಬಿಡಬಹುದಿತ್ತು. ಅವರು ಹಾಗೆ ಮಾಡಲಿಲ್ಲ.

"ಇದೆ," ಅಂದರು, ತಡವರಿಸುತ್ತಾ. "ತುಂಬಾ ಇದೆ ಕಣಮ್ಮ. ಆದ್ರೂ ನೀನು ಹೇಳ್ಬೇಕು."

ಹಾಗಂದು ಎತ್ತಿದ ಕೈಯನ್ನು ಮೊದಲು ಇಳಿಸಿದವರು ಅವರೇ.