ಮುಂದಿನವನು ಮೈ, ಹಿಂದಿನವಳು ಕಣ್ಣು

ನಮ್ಮಕ್ಕ ಮೆರಿನ್‌ಳ ಎಡತೊಡೆಯೊಳಗೆ ಒಂದು ಉಕ್ಕಿನ ಸರಳಿದೆ. ಊರಿನವರು ಅದರ ಬಗ್ಗೆ ಮಾತಾಡುವುದು ಕೇಳಿದರೆ, ಎಲ್ಲರೂ ಚಂದಾ ಎತ್ತಿ ತಾವೇ ಹಾಕಿಸಿದ್ದಾರೇನೋ ಅನ್ನಿಸಬೇಕು. "ಕಾಲು ಹೇಗಿದೆ ಮೆರಿನ್?" "ಮೆಟ್ಟಿಲು ಹತ್ತಬೇಡ ಮೆರಿನ್." ಅಂಚೆ ಕಚೇರಿಗೆ ಹೋದರೆ ಕುರ್ಚಿ ಎಳೆದು ಕೊಡ್ತಾರೆ. ಇಪ್ಪತ್ತೇಳರ ಹುಡುಗಿಗೆ! ನನಗೆ ಆ ಕುರ್ಚಿ ಎತ್ತಿ ಕಿಟಕಿಯಿಂದ ಆಚೆ ಎಸೆಯುವಷ್ಟು ಸಿಟ್ಟು ಬರುತ್ತಿತ್ತು.

ಅವಳು ಕಾಲು ಮುರಿದುಕೊಂಡದ್ದು ಎರಡು ಬೇಸಿಗೆ ಹಿಂದೆ, ನಕ್ಷೆಯಲ್ಲಿ ಹೆಸರೇ ಇಲ್ಲದ ಒಂದು ಕೆರೆಯ ದಾರಿಯಲ್ಲಿ. ದಾರಿ ಅಂದೆನೇ? ದಾರಿ ಇಲ್ಲ ಅಲ್ಲಿಗೆ. ಮೂಗುತಿ ಹರಳಿನಷ್ಟು ನೀಲಿ ಚುಕ್ಕೆ, ಸುತ್ತ ಬರೀ ಹಸಿರು ಬಣ್ಣ. ಟಾಸ್ಮೇನಿಯಾದ ಈ ಪಶ್ಚಿಮ ಮೂಲೆಯಲ್ಲಿ ಹುಟ್ಟಿದವನಿಗೆ ಆ ಹಸಿರು ನೋಡಿದರೇ ಮೊಣಕಾಲು ಉರಿಯುತ್ತದೆ. ನಕ್ಷೆಯ ಹಸಿರು ಅಂದರೆ ಆಳೆತ್ತರದ ಪೊದೆ, ಮುಳ್ಳು, ಕೆಸರು, ಜಿಗಣೆ. ಕೆರೆಯ ಕಪ್ಪೆಗಳು ಕೂಗುವುದು ಕಿವಿಗೆ ಬೀಳುವಷ್ಟು ಹತ್ತಿರ ಹೋಗಿದ್ದಳಂತೆ. ಆಗ ಬಿದ್ದಳು. ಹೆಲಿಕಾಪ್ಟರ್ ಬಂದು ಹಗ್ಗದಲ್ಲಿ ಮೇಲೆಳೆದುಕೊಂಡಾಗ ಗಾಳಿಯಲ್ಲಿ ತಿರುಗುತ್ತಾ ಕೆರೆಯನ್ನು ಮೇಲಿಂದ ನೋಡಿದಳು. "ಅದು ಲೆಕ್ಕಕ್ಕಿಲ್ಲ," ಅನ್ನುತ್ತಾಳೆ. ನಮ್ಮ ಕಡೆ ಕೆರೆ ನೋಡಿದರೆ ತಲುಪಿದ ಹಾಗಲ್ಲ. ನಡೆದು ಹೋಗಬೇಕು, ನೀರಿಗಿಳಿಯಬೇಕು, ತಲೆ ಮುಳುಗಬೇಕು.

ಅವತ್ತು ಅವಳು ಹೋಗಿದ್ದ ಗುಂಪಿನ ಮುಂದಾಳು ಗಾರ್ತ್ ಪಾಲ್‌ಫ್ರಿ. ಅವನು ಆಮೇಲೆ ನಡಿಗೆ ಕ್ಲಬ್ಬಿನ ಪತ್ರಿಕೆಯಲ್ಲಿ ಬರೆದ: ಮುಂದೆ ಹೋಗುವವರು ಹಿಂದಿನವರ ಮಾತು ಕೇಳದಿದ್ದರೆ ಹೀಗಾಗುತ್ತದೆ, ಮೆರಿನ್ ಟ್ರೆವೆನ್ನಾ ಇನ್ನು ಇಂಥ ಕಡೆ ಕಾಲಿಡಲಾರಳು. ಎರಡು ವರ್ಷ ಆ ಮಾತನ್ನು ನಾನು ಹಲ್ಲಿನ ಸಂದಿಯ ನಾರಿನ ಹಾಗೆ ಚೀಪಿದ್ದೇನೆ.

ಈ ಫೆಬ್ರುವರಿಯಲ್ಲಿ ಮೆರಿನ್ ಅಂದಳು, "ಡೆನ್ಝಿಲ್, ಮರದ ಮಿಲ್ಲಿಗೆ ರಜೆ ಹಾಕು. ಹೋಗಿ ಬರೋಣ."

"ಎಲ್ಲಿಗೆ?" ಅಂತ ನಾನು ಕೇಳಲಿಲ್ಲ.

ಹೊರಡುವ ಬೆಳಿಗ್ಗೆ ನಮ್ಮೂರು ಕ್ವೀನ್ಸ್‌ಟೌನಿನ ಬೇಕರಿಯಲ್ಲಿ ಪಾಸ್ಟಿ, ಅಂದರೆ ಮಾಂಸ ತುಂಬಿ ಬೇಯಿಸಿದ ಕಡುಬು, ಕಟ್ಟಿಸಿಕೊಳ್ಳುತ್ತಿದ್ದೆವು. ಬಾಗಿಲು ತಳ್ಳಿಕೊಂಡು ಬಂದವನು ಗಾರ್ತ್. ಮೊಣಕಾಲವರೆಗೆ ಕಟ್ಟಿದ್ದ ನಮ್ಮ ಕ್ಯಾನ್ವಾಸ್ ಪಟ್ಟಿ ನೋಡಿದ, ಸೊಂಟಕ್ಕೆ ಸಿಕ್ಕಿಸಿದ್ದ ಚರ್ಮದ ಕೈಗವಸು ನೋಡಿದ.

"ಎಲ್ಲಿಗೆ ಸವಾರಿ?"

"ಕೆರೆಗೆ," ಅಂದಳು ಮೆರಿನ್.

"ಅದೇ ಕೆರೆಗಾ?"

"ಇನ್ನೇನು, ಈಜುಕೊಳಕ್ಕಾ?"

ಗಾರ್ತ್ ಗಡ್ಡ ಕೆರೆದುಕೊಂಡ. "ಹೆಲಿಕಾಪ್ಟರಿನವರಿಗೆ ಈಗಲೇ ಒಂದು ಮಾತು ಹೇಳಿಡಲಾ? ಪಾಪ, ಊಟಗೀಟ ಮುಗಿಸಿ ಸಿದ್ಧ ಇರ್ತಾರೆ."

"ಹೇಳಿಡು. ನಿನ್ನನ್ನೂ ಹತ್ತಿಸಿಕೊಂಡು ಬರಲಿ. ಆ ಹೊಟ್ಟೆ ಪೊದೆಯಲ್ಲಿ ತೂರೋದು ಯಾವತ್ತೋ ನಿಂತುಹೋಯ್ತಲ್ಲ."

ಬೇಕರಿಯವಳು ಫಕ್ಕನೆ ನಕ್ಕಳು. ನಾನು ನಗಲಿಲ್ಲ. ಕೈಯಲ್ಲಿದ್ದ ಪಾಸ್ಟಿ ಹಿಸುಕಿಹೋಗಿ ಗ್ರೇವಿ ಬೆರಳಿಗಿಳಿಯಿತು.

ಕಾರು ಬಿಟ್ಟು ಬಟನ್‌ಹುಲ್ಲಿನ ಬಯಲು ದಾಟಿದೆವು. ಆ ಹುಲ್ಲು ಮಣ್ಣುಹೆಂಟೆ ಕಟ್ಟಿಕೊಂಡು ಬೆಳೆಯುತ್ತದೆ, ಹೆಂಟೆ ತಪ್ಪಿದರೆ ಸೊಂಟದವರೆಗೆ ಕೆಸರು. ಮೆರಿನ್ ಒಂದು ಸಲ ತಪ್ಪಿದಳು, ನಾನು ನಾಲ್ಕು ಸಲ ತಪ್ಪಿದೆ. ಹೊಳೆಯ ದಡದಲ್ಲಿ ಡೇರೆ ಹಾಕಿ ಮಲಗಿದೆವು. ಮರುದಿನ ಬೆಳಿಗ್ಗೆ ಪೊದೆ ಶುರುವಾಯಿತು.

ಪೊದೆ ಸೀಳುವುದಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ. ಮುಂದಿನವನು ಮೈ, ಹಿಂದಿನವನು ಕಣ್ಣು. ಮುಂದಿರುವವನು ತಲೆ ತಗ್ಗಿಸಿ ಎದೆಯಿಂದ ನೂಕಬೇಕು, ನೂಕಲಾಗದಿದ್ದರೆ ಬೆನ್ನು ತಿರುಗಿಸಿ ಚೀಲದ ಭಾರವನ್ನೆಲ್ಲ ಹಾಕಿ ಪೊದೆಯ ಮೇಲೆ ಬೀಳಬೇಕು. ಅವನಿಗೆ ಎಲೆ ಬಿಟ್ಟರೆ ಏನೂ ಕಾಣುವುದಿಲ್ಲ. ದಿಕ್ಸೂಚಿ ಹಿಡಿದು ಎಡ, ಬಲ ಅನ್ನುವವನು ಹಿಂದಿನವನು. ಅವನ ಮಾತು ಮೀರುವ ಹಾಗಿಲ್ಲ. ಸುಸ್ತಾದ ಕೂಡಲೇ ಜಾಗ ಬದಲಾಯಿಸಬೇಕು.

ನಾನು ಬದಲಾಯಿಸಲಿಲ್ಲ.

"ಡೆನ್, ಈಗ ನಾನು ಮುಂದೆ."

"ಇರ್ಲಿ, ನನಗೇನೂ ಆಗಿಲ್ಲ."

"ನಿನ್ನ ಮುಖ ಟೊಮೆಟೊ ಆಗಿದೆ."

"ಟೊಮೆಟೊ ಗಟ್ಟಿ ಇದೆ, ಬಾ."

ಅಷ್ಟೇ ಅಲ್ಲ. ನನ್ನ ಜೇಬಿನಲ್ಲಿ ಒಂದು ಸುರುಳಿ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಪಟ್ಟಿ ಇತ್ತು. ಅವಳಿಗೆ ಮತ್ತೆ ಏನಾದರೂ ಆದರೆ ನಾನು ಒಬ್ಬನೇ ಓಡಿಬರಲು ಗುರುತು ಬೇಡವೇ? ಆಗಾಗ ಒಂದೊಂದು ತುಂಡು ಕೊಂಬೆಗೆ ಕಟ್ಟುತ್ತಾ ಹೋದೆ. ಕಾಡಿನಲ್ಲಿ ಪಟ್ಟಿ ಕಟ್ಟುವವನನ್ನು ನಮ್ಮ ಕಡೆ ಕಳ್ಳನಿಗಿಂತ ಕೀಳಾಗಿ ನೋಡುತ್ತಾರೆ. ಇವತ್ತು ಪಟ್ಟಿ ಕಟ್ಟಿದರೆ ನಾಳೆ ಅಲ್ಲಿ ಜಾಡು, ನಾಡಿದ್ದು ಬೆಂಚು, ಕಸದ ಡಬ್ಬಿ. ಮೆರಿನ್‌ಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು. ಆದರೂ ಸುಮ್ಮನಿದ್ದಳು. ಒಳಗೊಳಗೇ ಹೆದರಿದ್ದಾಳೆ, ಅದಕ್ಕೇ ನೋಡಿದರೂ ನೋಡದ ಹಾಗಿದ್ದಾಳೆ ಅಂದುಕೊಂಡೆ.

ಬೆಟ್ಟದ ಹೆಗಲಿನಲ್ಲಿ ಸ್ಕೋಪೇರಿಯಾ ಪೊದೆ ಎದುರಾಯಿತು. ಅದರ ಒಂದೊಂದು ಎಲೆಯೂ ಒಂದೊಂದು ದಬ್ಬಣ. ಮುಂಗೈಯಿಂದ ರಕ್ತ ಇಳಿಯಿತು. ಪ್ರತಿ ಕೊಂಬೆಯೂ ನನಗೆ ಗಾರ್ತ್ ಪಾಲ್‌ಫ್ರಿಯ ಗಡ್ಡವಾಗಿ ಕಾಣುತ್ತಿತ್ತು. ಹೊಡೆದೆ, ತುಳಿದೆ, ಬೈದೆ.

"ಎಡಕ್ಕೆ," ಅಂದಳು ಮೆರಿನ್ ಹಿಂದಿನಿಂದ.

ಎಡಕ್ಕೆ ಇನ್ನೂ ದಟ್ಟ ಮುಳ್ಳು. ಬಲಕ್ಕೆ ಪೊದೆಯ ಬುಡದಲ್ಲಿ ವಾಲಬಿಗಳು, ಆ ಗಿಡ್ಡ ಕಾಂಗರೂಗಳು, ಓಡಾಡಿದ ಜಾಡು, ಮೆತ್ತಗೆ, ಖಾಲಿ.

"ಎಡಕ್ಕೆ ಅಂದೆ! ಬಂಡೆ ಕಡೆ!"

"ಇಲ್ಲಿ ಜಾಡಿದೆ ಕಣೇ, ಬೆಣ್ಣೆ ಹಾಗಿದೆ!"

"ವಾಲಬಿಗೆ ಕೆರೆ ಬೇಡ ಕಣೋ ಪೆದ್ದ! ಡೆನ್!"

ನಾನು ನುಗ್ಗಿದೆ. ಅವಳ ಕಾಲಿಗೆ ಸುಲಭವಾಗಲಿ ಅಂತಲೇ ನುಗ್ಗಿದ್ದು. ಜಾಡು ಸರಸರನೆ ಕೆಳಗಿಳಿಯಿತು, ಬೆಳಕು ಕಡಿಮೆಯಾಯಿತು, ಪಾಚಿಯ ವಾಸನೆ ಬಂತು. ಆಮೇಲೆ ಜಾಡು ಒಂದು ಬಿಲದೊಳಗೆ ಹೋಗಿ ಮುಗಿಯಿತು. ವಾಲಬಿ ತೂರುವ ಬಿಲ. ತಲೆ ಎತ್ತಿ ನೋಡಿದರೆ ಸುತ್ತ ಅಡ್ಡಮರ.

ಅಡ್ಡಮರ ನೆಟ್ಟಗೆ ಬೆಳೆದು ತನ್ನ ಭಾರಕ್ಕೆ ತಾನೇ ಮಲಗುತ್ತದೆ. ಮಲಗಿದ ಕಾಂಡದ ಮೇಲೆ ಮತ್ತೆ ಕೊಂಬೆ ಎದ್ದು ಅವೂ ಮಲಗುತ್ತವೆ. ಕೊನೆಗೆ ಇಡೀ ಕಣಿವೆ ಒಂದು ಹರಕು ಬುಟ್ಟಿ. ನೆಲ ಎಲ್ಲೋ ಕೆಳಗೆ ಕತ್ತಲೆಯಲ್ಲಿ. ಕಾಂಡದಿಂದ ಕಾಂಡಕ್ಕೆ ಗಾಳಿಯಲ್ಲೇ ನಡೆಯಬೇಕು, ಪಾಚಿಗೆ ಕಾಲು ಜಾರಿದರೆ ಒಳಗೆ. ಮೆರಿನ್ ಬಿದ್ದದ್ದು ಇಂಥದ್ದರಲ್ಲೇ. ಇಂಥದ್ದರಲ್ಲೇನು, ಇದರಲ್ಲೇ. ಹಿಂದೆ ಮೇಲೇರೋಣ ಅಂದರೆ ಇಳಿದು ಬಂದ ಕಡಿದಾದ ಕೆಸರು, ಹಿಡಿದದ್ದೆಲ್ಲ ಕಿತ್ತು ಕೈಗೆ ಬರುತ್ತಿತ್ತು.

ಅವಳು ನನ್ನ ಪಕ್ಕ ಬಂದು ಕೂತಳು. ಕೈಗವಸಿಗೆ ಚುಚ್ಚಿದ್ದ ಮುಳ್ಳು ಒಂದೊಂದೇ ಕಿತ್ತಳು.

"ಬೈದುಬಿಡೇ," ಅಂದೆ.

"ಬೈಯೋ ಯೋಗ್ಯತೆ ನನಗಿಲ್ಲ. ಅವತ್ತು ನಾನು ಮುಂದಿದ್ದೆ. ಗಾರ್ತ್ ಹಿಂದಿನಿಂದ ಎಡಕ್ಕೆ, ಎಡಕ್ಕೆ ಅಂತ ಬಾಯಿ ಬಡಕೊಂಡ. ನನಗೂ ಇದೇ ಜಾಡು ಬೆಣ್ಣೆ ಹಾಗೆ ಕಂಡಿತ್ತು."

ನನಗೆ ಕಪಾಳಕ್ಕೆ ಬಿದ್ದ ಹಾಗಾಯಿತು. "ಹಾಗಾದ್ರೆ ಆ ಮುದುಕ ಬರೆದದ್ದು ನಿಜಾನಾ? ಎರಡು ವರ್ಷ ನಾನು ಅವನ ಮುಖ ನೋಡಿದಾಗಲೆಲ್ಲ..."

"ಅರ್ಧ ನಿಜ. ಮಾತು ಕೇಳಲಿಲ್ಲ ಅಂತ ಬರೆದನಲ್ಲ, ಅದು ನಿಜ. ಇನ್ನು ಇವಳ ಕೈಲಾಗಲ್ಲ ಅಂತ ಬರೆದನಲ್ಲ, ಅದನ್ನ ಸುಳ್ಳು ಮಾಡೋಕೇ ನಾನು ಬಂದಿರೋದು. ನಿನ್ನ ಬೆನ್ನ ಹಿಂದೆ ಬಚ್ಚಿಟ್ಕೊಂಡು ಬಂದ್ರೆ ಅದು ಸುಳ್ಳಾಗುತ್ತೇನೋ?"

ಅವಳು ಚೀಲ ಕೆಳಗಿಟ್ಟಳು. "ಈಗ ನಾನು ಮೈ. ನೀನು ಕಣ್ಣು. ಆ ದಪ್ಪ ಕಾಂಡದ ಮೇಲೆ ಹತ್ತಿ ನಿಲ್ಲು, ಕೆರೆ ಪಕ್ಕದ ಬಿಳಿ ಬಂಡೆ ಕಾಣುತ್ತಾ ನೋಡು."

ಹತ್ತಿದೆ. ಎಲೆಗಳ ಮೇಲೆ ತಲೆ ಹೊರಬಂತು. ದೂರದಲ್ಲಿ ಬೆಟ್ಟದ ಪಕ್ಕೆಯಲ್ಲಿ ಬಿಳಿ ಬಂಡೆ, ಬಿಸಿಲಿಗೆ ಹಲ್ಲು ಕಿರಿದ ಹಾಗೆ. "ಕಾಣುತ್ತೆ!"

"ಅಲ್ಲಿಂದ ಕಣ್ಣು ತೆಗೀಬೇಡ."

ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹೊರಟಳು. ನಡೆಯಲಿಲ್ಲ. ಕುದುರೆ ಏರಿದ ಹಾಗೆ ಕಾಂಡದ ಮೇಲೆ ಎರಡೂ ಕಡೆ ಕಾಲು ಹಾಕಿ ಕೂತು, ಕೈ ಊರಿ ಊರಿ ಜರುಗಿದಳು. ಎರಡು ವರ್ಷ ಮನೆಯ ಮೆಟ್ಟಿಲನ್ನು ಹೀಗೆಯೇ ಕೂತು ಹತ್ತಿದವಳು ಅವಳು. ಅವಳ ತೋಳು ನನ್ನ ತೋಳಿಗಿಂತ ಗಟ್ಟಿ ಅಂತ ಅವತ್ತು ಕಂಡಿತು.

"ಬಲಕ್ಕೆ," ಅಂದೆ. ಜರುಗಿದಳು. "ಇನ್ನೂ ಬಲಕ್ಕೆ. ಈಗ ನೇರ."

ಒಂದು ಕಾಂಡ ಲಟಕ್ ಅಂತು. ಅವಳ ಎಡಗಾಲು, ಅದೇ ಕಾಲು, ತೊಡೆಯವರೆಗೆ ಕೆಳಗೆ ಹೋಯಿತು. ಅವಳು ಕೂಗಲಿಲ್ಲ. ನಾನು ಹಾರಲು ಮೈ ಬಗ್ಗಿಸಿದೆ.

"ಅಲ್ಲೇ ಇರು!" ಮುಖ ತಿರುಗಿಸದೆ ಗದರಿದಳು. "ನೀನು ಕಣ್ಣು! ಕಣ್ಣು ಎದ್ದು ಓಡುತ್ತೇನೋ? ಬಂಡೆ ಎಲ್ಲಿದೆ ಹೇಳು!"

"ನೇ... ನೇರಕ್ಕೆ. ನಿನ್ನ ಮೂಗಿನ ನೇರಕ್ಕೆ."

"ಸರಿ."

ಎರಡೂ ಅಂಗೈ ಊರಿ, ಹಲ್ಲು ಕಚ್ಚಿ, ಆ ಕಾಲನ್ನು ಬಾವಿಯಿಂದ ಕೊಡ ಎತ್ತಿದ ಹಾಗೆ ಮೇಲೆತ್ತಿದಳು. ಕ್ಯಾನ್ವಾಸ್ ಹರಿದಿತ್ತು. ಮುಷ್ಟಿಯಿಂದ ತೊಡೆಗೆ ಒಂದು ಗುದ್ದು ಗುದ್ದಿದಳು. "ಉಕ್ಕು ಕಣೋ!" ಅಂತ ಕಿರುಚಿದಳು. "ಇದು ಉಕ್ಕು! ಮುರೀಲಿ ನೋಡೋಣ!"

ನನಗೆ ಅಳು ಬಂತೋ ನಗು ಬಂತೋ ಗೊತ್ತಾಗಲಿಲ್ಲ. ಎರಡೂ ಮೂಗಿನಿಂದ ಇಳಿಯಿತು.

ಅವಳು ಗಟ್ಟಿ ಮರ ಹಿಡಿದು ಹಗ್ಗ ಬಿಗಿದಳು, ಚೀಲಗಳನ್ನು ಎಳೆದುಕೊಂಡಳು, ನಾನು ಅದೇ ಹಗ್ಗ ಹಿಡಿದು ಜರುಗಿದೆ. ಜರುಗುವಾಗಲೂ ಎರಡು ಕಡೆ ಗುಲಾಬಿ ಪಟ್ಟಿ ಕಟ್ಟಿದೆ. ಹೀಗೇ ಮತ್ತೆ, ಮತ್ತೆ. ಹೊಟ್ಟೆಗೆ ಬಿದ್ದದ್ದು ಒಂದು ಚೂರು ತಣ್ಣನೆ ಪಾಸ್ಟಿ. ಆಮೇಲೆ ಮೆರಿನ್ ಥಟ್ಟನೆ ನಿಂತಳು.

"ಕೇಳು."

ಟಕ್ ಟಕ್ ಟಕ್. ಕಪ್ಪೆಗಳು.

"ಅವತ್ತು ಇಲ್ಲಿಗೇ ನಿಂತದ್ದು," ಅಂದಳು. ಮುಂದಿನ ಕಾಂಡಕ್ಕೆ ಕೈ ಹಾಕಿದಳು. ಅದು ಭಾರ ತಡೆಯಿತು. ಅದರ ಮುಂದಿನದೂ ತಡೆಯಿತು. ಅಡ್ಡಮರ ಮುಗಿದು ಕಾಲಿಗೆ ಕಲ್ಲು ಸಿಕ್ಕಿತು, ಬಿಳೀ ಕಲ್ಲು, ಅಂಗೈಗೆ ಬೆಚ್ಚಗೆ. ನಾನು ಅವಳ ಹಿಂದೆಯೇ ಉಳಿದೆ, ಬೇಕೆಂದೇ. ಬಂಡೆಯ ತುದಿಗೆ ಮೊದಲು ಹತ್ತಿದವಳು ಅವಳು. ಕೈ ಎರಡೂ ಮೇಲೆತ್ತಿ, ಎದೆ ಬಿರಿಯುವ ಹಾಗೆ ಕೂಗಿದಳು: "ಕೂ...ಈ!"

ಎದುರಿನ ಗೋಡೆಬೆಟ್ಟ ಅವಳ ದನಿಯನ್ನೇ ವಾಪಸ್ ಕೂಗಿತು.

ಕೆರೆ ಕಡುಚಹಾದ ಬಣ್ಣ. ದಡದಲ್ಲಿ ಪೈನ್ ಮರಗಳು, ನಮ್ಮ ಅಜ್ಜನ ಅಜ್ಜನಿಗಿಂತ ಹಳೆಯವು. ಒಂದು ಹೆಜ್ಜೆಗುರುತಿಲ್ಲ, ಒಂದು ಬೂದಿಗುಂಡಿ ಇಲ್ಲ. ಮೆರಿನ್ ಕಾಲಿನ ಕ್ಯಾನ್ವಾಸ್ ಪಟ್ಟಿ ಬಿಚ್ಚಿದಳು, ಬೂಟು ಬಿಚ್ಚಿ ಎಸೆದಳು, ಒಳಬಟ್ಟೆಯಲ್ಲೇ ಓಡಿದಳು. ಓಡಿದಳು, ಹೌದು, ಕುಂಟುತ್ತಾ. ತೊಡೆಯ ಉದ್ದಕ್ಕೂ ಇದ್ದ ಗಾಯದ ಗೆರೆ ಬಿಸಿಲಿಗೆ ಹೊಳೆಯಿತು. ಧುಮುಕಿದಳು. ತಲೆ ಮುಳುಗಿತು. ಎದ್ದಾಗ ಅವಳ ಬಾಯಿಂದ ಬಂದ ಬೈಗುಳವನ್ನು ನಾನು ಇಲ್ಲಿ ಬರೆಯಲಾರೆ, ಅಮ್ಮ ಓದುತ್ತಾಳೆ.

"ಹೇಗಿದೆ?"

"ಬಿಸಿನೀರು ಕಣೋ! ಬಾ!"

ಮಂಜುಗಡ್ಡೆಯಂಥ ನೀರು. ಉಸಿರೇ ನಿಂತುಹೋಯಿತು. ಅವಳು ನನ್ನ ತಲೆ ಹಿಡಿದು ಮತ್ತೊಂದು ಸಲ ಮುಳುಗಿಸಿದಳು, ಮಾತು ಕೇಳದ್ದಕ್ಕೆ.

ದಡಕ್ಕೆ ಬಂದರೆ ಕಪ್ಪು ಕರ್ರವಾಂಗ್ ಹಕ್ಕಿಯೊಂದು ಕೊಕ್ಕಿನಿಂದ ನನ್ನ ಚೀಲದ ಜಿಪ್ ಎಳೆದು ಹಣ್ಣಿನ ಕೇಕನ್ನು ಕೆದಕುತ್ತಿತ್ತು. ಈ ಹಕ್ಕಿಗೆ ಜಿಪ್ ತೆಗೆಯುವುದನ್ನು ಯಾರೂ ಕಲಿಸಬೇಕಿಲ್ಲ. ಓಡಿಸಿ, ಉಳಿದ ಕೇಕು ತಿನ್ನುತ್ತಾ ಬಂಡೆಯ ಮೇಲೆ ಬಿದ್ದುಕೊಂಡೆವು.

"ಹೋಗೋದು ಸುಲಭ," ಅಂದೆ ನಾನು ಜಂಬದಿಂದ. "ಗುರುತು ಇದೆ."

"ಇದಾ?" ಮೆರಿನ್ ತನ್ನ ಚೀಲದ ಜೇಬಿನಿಂದ ಏನನ್ನೋ ತೆಗೆದು ನನ್ನ ಎದೆಯ ಮೇಲೆ ಸುರಿದಳು. ಗುಲಾಬಿ ಪಟ್ಟಿಗಳು. ಒದ್ದೆ, ಸುಕ್ಕು. ನಾನು ಮುಂದೆ ಕಟ್ಟುತ್ತಾ ಬಂದದ್ದನ್ನೆಲ್ಲ ಹಿಂದಿನಿಂದ ಒಂದೂ ಬಿಡದೆ ಬಿಚ್ಚಿಕೊಂಡು ಬಂದಿದ್ದಳು.

"ಏನೇ ಇದು! ನಾವು ವಾಪಸ್ ಹೋಗೋದು ಹೇಗೆ?"

"ನೀನು ಮುಂದೆ, ನಾನು ಹಿಂದೆ. ಬಂಡೆಯ ಮೇಲಿನಿಂದ, ಸರಿಯಾದ ಕಡೆಯಿಂದ. ಈ ಸಲ ಕಿವಿಯನ್ನೂ ಜೊತೆಗೆ ತಗೊಂಡು ಬಾ. ಮೊದಲು ಅಡ್ಡಮರದಲ್ಲಿ ಎರಡು ಕಟ್ಟಿದೀಯಲ್ಲ, ಹಗ್ಗ ಹಿಡಿದು ಹೋಗಿ ಬಿಚ್ಚಿಕೊಂಡು ಬಾ. ನನಗೆ ಬೆನ್ನಿಗೆ ಕಣ್ಣಿಲ್ಲ ಅಂದುಕೊಂಡ್ಯಾ?"

ಬೈದುಕೊಂಡೇ ಹೋಗಿ ಬಿಚ್ಚಿದೆ.

ಊರಿಗೆ ಬಂದಾಗ ನಮ್ಮ ಮುಖ ಬೆಕ್ಕಿನ ಜೊತೆ ಜಗಳವಾಡಿದ ಹಾಗಿತ್ತು. ಅದೇ ಬೇಕರಿಯ ಒಂದು ಮೂಲೆಯಲ್ಲಿ ಗಾರ್ತ್ ಕೂತಿದ್ದ. ನಮ್ಮನ್ನು ನೋಡಿ ಚಹಾದ ಕಪ್ಪು ಕೆಳಗಿಟ್ಟ.

"ತಲೆ ಮುಳುಗಿತಾ?"

"ಮುಳುಗಿತು," ಅಂದಳು ಮೆರಿನ್.

ಅವನು ಎದ್ದು ನಿಂತ. ಟೋಪಿ ತೆಗೆದ. ನಾನು ಅವನನ್ನು ದ್ವೇಷಿಸಬೇಕಿತ್ತು, ಆಗಲಿಲ್ಲ. ಅದಕ್ಕೂ ಸಿಟ್ಟು ಬಂತು.

"ಯಾವ ಕಡೆಯಿಂದ ಹೋಗಬೇಕು?" ಅಂತ ಕೇಳಿದ ಗಾರ್ತ್.

"ನೀನು ಅವತ್ತು ಹೇಳಿದ ಕಡೆಯಿಂದ. ಎಡಕ್ಕೆ."

ಗಾರ್ತ್‌ನ ಗಡ್ಡ ಅಲ್ಲಾಡಿತು. "ಪತ್ರಿಕೆಗೆ ಬರೀತೀನಿ ಮೆರಿನ್. ಹಿಂದೆ ಬರೆದದ್ದು ತಪ್ಪು ಅಂತ ಬರೀತೀನಿ."

"ಬರಿ. ದೊಡ್ಡ ಅಕ್ಷರದಲ್ಲಿ ಬರಿ. ದಾರಿ ಮಾತ್ರ ಬರೀಬೇಡ."

"ಬರೆದ್ರೆ," ಅಂದೆ ನಾನು, "ನಿನ್ನ ಗಡ್ಡಕ್ಕೆ ಗುಲಾಬಿ ಪಟ್ಟಿ ಕಟ್ತೀನಿ. ನನ್ನ ಹತ್ರ ಬೇಕಾದಷ್ಟಿದೆ."

ಬೇಕರಿಯವಳು ಕುರ್ಚಿ ಎಳೆದು ತಂದಳು. ಮೆರಿನ್ ಅದರ ಮೇಲೆ ತನ್ನ ಚೀಲ ಇಟ್ಟು, ನಿಂತುಕೊಂಡೇ ಎರಡು ಪಾಸ್ಟಿ ತಿಂದಳು.